ದಿನವೆಣಿಸುವ ಚಕ್ರ

ಪ್ರಸೂತಿ ವೈದ್ಯರ ಮೇಜಿನ ಮೇಲೆ, ಒಂದರ ಮೇಲೊಂದು ತಿರುಗುವ ಎರಡು ರಟ್ಟಿನ ಬಿಲ್ಲೆಗಳಿಂದಾದ ಆ ಅಂಗೈಯಗಲದ ಚಕ್ರವನ್ನು ಕಂಡಾಗಲೆಲ್ಲ, ಇಷ್ಟು ಅಲ್ಪವಾದ ವಸ್ತುವಿನಲ್ಲಿ ಇಷ್ಟೊಂದು ವಿವೇಕವನ್ನು ಅಡಗಿಸಿದವರ ಜಾಣ್ಮೆಗೆ ತಲೆದೂಗದಿರಲಾರೆ. ಕಡೆಯ ಮುಟ್ಟಿನ ಮೊದಲ ದಿನಕ್ಕೆ ಬಾಣದ ಗುರುತನ್ನು ಹೊಂದಿಸಿದೊಡನೆ, 280 ದಿನಗಳಾಚೆಯ ಪ್ರಸವದಿನವೂ ಗರ್ಭದ ಇಂದಿನ ವಾರವೂ ಕಣ್ಣೆದುರು ನಿಲ್ಲುವುವು; ಮೂರು ತಿಂಗಳು ಕಳೆದು ಏಳು ದಿನ ಕೂಡಿಸುವ, ಹೈಡೆಲ್‌ಬರ್ಗಿನ ನೇಗೆಲೆ ಪಂಡಿತನ ಹೆಸರಿನ ಸೂತ್ರವೇ ಇದರ ಜೀವಾಳ. ಗರ್ಭ ನಿಲ್ಲುವುದಕ್ಕೆ ಮೊದಲಿನ ಎರಡು ವಾರಗಳನ್ನೂ ಗರ್ಭದ ಖಾತೆಗೇ ಬರೆಯುವ ಇದರ ಔದಾರ್ಯ ವಿಚಿತ್ರವೇ ಸರಿ! 28 ದಿನಗಳ ಋತುಚಕ್ರವನ್ನು ನಂಬಿದ ಈ ಗಣಿತವು ತಾರೀಖು ಮರೆತ ತಾಯಿಯ ಮುಂದೆ ಮೂಕವಾಗುವುದರಿಂದ, ಮೊದಲ ಮೂರು ತಿಂಗಳ ಸ್ಕ್ಯಾನಿನಲ್ಲಿ ಭ್ರೂಣದ ನೆತ್ತಿಯಿಂದ ಪೃಷ್ಠದವರೆಗಿನ ಉದ್ದವನ್ನಳೆದು ದಿನವನ್ನು ತಿದ್ದಿಕೊಳ್ಳುವುದು ಯುಕ್ತ. ನೋವು 37 ವಾರ ತುಂಬುವ ಮುನ್ನವೇ ಬಂದಿತೋ, ಶಿಶುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಚುಚ್ಚುಮದ್ದು ಕೊಡಬೇಕೋ ಎಂಬ ನಿರ್ಣಯಗಳೆಲ್ಲ ಈ ಒಂದು ತಾರೀಖನ್ನೇ ಆಶ್ರಯಿಸಿವೆ.