ಪೆಟ್ಟಿಗೆಯ ಮೇಲಿನ ಅಂಕಿ, ಚೀಲದೊಳಗಿನ ಶಕ್ತಿ: ಟ್ಯಾಬ್ಲೆಟ್ ಪರಿಕರಗಳ ಒಂದು ವಿಮರ್ಶೆ

2010ರಲ್ಲಿ ಮೊದಲ ಐಪ್ಯಾಡ್ ಮಾರುಕಟ್ಟೆಗೆ ಬಂದಾಗ ಅದರ ಪೆಟ್ಟಿಗೆಯಲ್ಲಿ ಒಂದು ಚಾರ್ಜರ್ ಮತ್ತು ಒಂದು ಕೇಬಲ್ ಇದ್ದವು. ಇಂದು ಟ್ಯಾಬ್ಲೆಟ್ ಹಿಡಿದು ತರಬೇತಿ ಶಿಬಿರಕ್ಕೋ ವಿಚಾರ ಸಂಕಿರಣಕ್ಕೋ ಹೊರಟ ಅಧ್ಯಾಪಕರ ಚೀಲವನ್ನು ತೆರೆದು ನೋಡಿ. ಪವರ್ ಬ್ಯಾಂಕ್, ಎರಡು ಚಾರ್ಜರ್, ನಾಲ್ಕಾರು ಕೇಬಲ್, ಪ್ರೊಜೆಕ್ಟರಿಗೆ ಜೋಡಿಸುವ ಅಡಾಪ್ಟರ್, ಲೇಖನಿ, ಕೀಲಿಮಣೆ, ನಿಲ್ಲಿಸುವ ಸ್ಟ್ಯಾಂಡ್ ಎಲ್ಲವೂ ಇರುತ್ತವೆ. ಹತ್ತು ಇಂಚಿನ ಟ್ಯಾಬ್ಲೆಟ್ ಸುಮಾರು ಅರ್ಧ ಕಿಲೋಗ್ರಾಂ ತೂಗಿದರೆ ಅದರ ಪರಿವಾರ ಅದಕ್ಕಿಂತ ಹೆಚ್ಚು ತೂಗುತ್ತದೆ. ಇಷ್ಟಾದರೂ ಬೇಕಾದ ಹೊತ್ತಿನಲ್ಲಿ ಪರದೆ ಕಪ್ಪಾಗುವುದು, ಪ್ರೊಜೆಕ್ಟರಿನಲ್ಲಿ ಚಿತ್ರ ಮೂಡದಿರುವುದು ತಪ್ಪಿಲ್ಲ.

ಈ ಪರಿಕರಗಳನ್ನು ಕೊಳ್ಳುವಾಗ ನಮಗಿರುವ ಆಧಾರ ಪೆಟ್ಟಿಗೆಯ ಮೇಲಿನ ಅಂಕಿಗಳು ಮಾತ್ರ. ಯಾವ ಕಂಪನಿಯ ಪದಾರ್ಥ ಒಳ್ಳೆಯದು ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆ ಅಂಕಿಗಳನ್ನೇ ಭೌತವಿಜ್ಞಾನದ ಒರೆಗೆ ಹಚ್ಚಿ ನೋಡುವುದು ಉದ್ದೇಶ. ಅವು ಬಹುಮಟ್ಟಿಗೆ ಸುಳ್ಳಲ್ಲ. ಆದರೆ ಕೊಳ್ಳುವವರ ಮನಸ್ಸಿನಲ್ಲಿರುವ ಪ್ರಶ್ನೆಗೆ ಅವು ಉತ್ತರ ಕೊಡುವುದಿಲ್ಲ. ನನ್ನ ಆಕ್ಷೇಪ ಇದೇ.

ಮಿಲಿಆಂಪಿಯರ್-ಗಂಟೆ ಅಳೆಯುವುದು ಏನನ್ನು?

ಪವರ್ ಬ್ಯಾಂಕಿನ ಮೇಲೆ ದೊಡ್ಡದಾಗಿ ಕಾಣುವ ಅಂಕಿ 10,000 ಅಥವಾ 20,000 ಎಂಎಎಚ್, ಅಂದರೆ ಮಿಲಿಆಂಪಿಯರ್-ಗಂಟೆ. ಇದು ಶಕ್ತಿಯ ಏಕಮಾನವಲ್ಲ, ವಿದ್ಯುದಂಶದ ಏಕಮಾನ. ಒಂದು ಮಿಲಿಆಂಪಿಯರ್-ಗಂಟೆ ಎಂದರೆ 3.6 ಕೂಲಂಬ್. ಒಂದು ಜಲಾಶಯದಲ್ಲಿ ಎಷ್ಟು ನೀರಿದೆ ಎಂದು ಹೇಳಿ, ಅದು ಎಷ್ಟು ಎತ್ತರದಿಂದ ಧುಮುಕುತ್ತದೆ ಎಂಬುದನ್ನು ಹೇಳದಿದ್ದರೆ ಎಷ್ಟು ವಿದ್ಯುತ್ತು ದೊರೆತೀತೆಂದು ಲೆಕ್ಕ ಹಾಕಲಾಗದು. ಇಲ್ಲಿ ಎತ್ತರದ ಸ್ಥಾನದಲ್ಲಿರುವುದು ವಿಭವಾಂತರ, ಅಂದರೆ ವೋಲ್ಟ್.

ಪವರ್ ಬ್ಯಾಂಕಿನೊಳಗಿರುವ ಲಿಥಿಯಂ ಅಯಾನು ಕೋಶದ ಸರಾಸರಿ ವಿಭವಾಂತರ ಸುಮಾರು 3.7 ವೋಲ್ಟ್. ಆದ್ದರಿಂದ 10,000 ಮಿಲಿಆಂಪಿಯರ್-ಗಂಟೆಯ ಪವರ್ ಬ್ಯಾಂಕಿನಲ್ಲಿರುವ ಶಕ್ತಿ 10 × 3.7 = 37 ವಾಟ್-ಗಂಟೆ. ಹೊರಗೆ ಕೊಡುವಾಗ ಒಳಗಿನ ಮಂಡಲ ಈ 3.7 ವೋಲ್ಟನ್ನು 5 ಅಥವಾ 9 ವೋಲ್ಟಿಗೆ ಏರಿಸಬೇಕು. ಈ ಪರಿವರ್ತನೆಯಲ್ಲಿ ಸ್ವಲ್ಪ ಶಕ್ತಿ ಶಾಖವಾಗಿ ನಷ್ಟವಾಗುತ್ತದೆ. ಟ್ಯಾಬ್ಲೆಟ್ ತನ್ನ ಬ್ಯಾಟರಿಗೆ ಅದನ್ನು ತುಂಬಿಕೊಳ್ಳುವಾಗ ಇನ್ನಷ್ಟು ನಷ್ಟವಾಗುತ್ತದೆ. ಮೊದಲ ಹಂತದಲ್ಲಿ ನೂರಕ್ಕೆ 15, ಎರಡನೆಯ ಹಂತದಲ್ಲಿ ನೂರಕ್ಕೆ 10 ನಷ್ಟವೆಂದು ಇಟ್ಟುಕೊಂಡರೆ ಕೊನೆಗೆ ಟ್ಯಾಬ್ಲೆಟ್ ಸೇರುವುದು ಸುಮಾರು 28 ವಾಟ್-ಗಂಟೆ.

ಈಗ ಒಂದು ಹೋಲಿಕೆ ನೋಡೋಣ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9 ಪ್ಲಸ್‌ನ ಬ್ಯಾಟರಿ 7,040 ಮಿಲಿಆಂಪಿಯರ್-ಗಂಟೆ ಎಂದು ತಯಾರಕರು ಹೇಳುತ್ತಾರೆ. 10,000ವನ್ನು 7,040ರಿಂದ ಭಾಗಿಸಿದ ಗ್ರಾಹಕರು 'ಸುಮಾರು ಒಂದೂವರೆ ಸಲ ತುಂಬುತ್ತದೆ' ಎಂದು ನಂಬುತ್ತಾರೆ. ಇಂಥ ಬ್ಯಾಟರಿಯ ಶಕ್ತಿ ಸುಮಾರು 27 ವಾಟ್-ಗಂಟೆ. ನಮ್ಮ ಲೆಕ್ಕದಂತೆ ಅದು ತುಂಬುವುದು ಒಂದೇ ಸಲ. ಇನ್ನೊಂದೆಡೆ ಹತ್ತನೆಯ ತಲೆಮಾರಿನ ಐಪ್ಯಾಡಿನ ಬ್ಯಾಟರಿಯನ್ನು ಆಪಲ್ ಕಂಪನಿ 28.6 ವಾಟ್-ಗಂಟೆ ಎಂದು ಶಕ್ತಿಯ ಏಕಮಾನದಲ್ಲೇ ಹೇಳಿದೆ. ಎರಡೂ ಟ್ಯಾಬ್ಲೆಟ್‌ಗಳ ಬ್ಯಾಟರಿ ಹೆಚ್ಚುಕಡಿಮೆ ಸಮ. ಆದರೆ ಎರಡು ಬೇರೆ ಏಕಮಾನಗಳಲ್ಲಿ ಬರೆದದ್ದರಿಂದ ಗ್ರಾಹಕರಿಗೆ ಅದು ತಿಳಿಯುವ ಹಾಗಿಲ್ಲ.

ಹಲವು ಪವರ್ ಬ್ಯಾಂಕ್‌ಗಳ ಹಿಂಬದಿಯಲ್ಲಿ ವಾಟ್-ಗಂಟೆಯೂ, 5 ವೋಲ್ಟಿನಲ್ಲಿ ನಿಜಕ್ಕೂ ದೊರೆಯುವ ಪ್ರಮಾಣವೂ ಅಚ್ಚಾಗಿರುತ್ತವೆ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ. ಉಪಯುಕ್ತ ಅಂಕಿ ಹಿಂಬದಿಯಲ್ಲಿ, ಆಕರ್ಷಕ ಅಂಕಿ ಮುಂಬದಿಯಲ್ಲಿ. ಈ ವ್ಯವಸ್ಥೆಯನ್ನು ವಿಜ್ಞಾನ ಕಲಿಸುವವರು ಪ್ರಶ್ನಿಸಬೇಕು.

ವಿಮಾನ ನಿಲ್ದಾಣದಲ್ಲಿ ಈ ಪ್ರಶ್ನೆ ಇನ್ನೂ ಗಂಭೀರವಾಗುತ್ತದೆ. ಅಲ್ಲಿನ ನಿಯಮ ಇರುವುದು ವಾಟ್-ಗಂಟೆಯಲ್ಲಿ. 100 ವಾಟ್-ಗಂಟೆಯವರೆಗಿನ ಪವರ್ ಬ್ಯಾಂಕನ್ನು ಕೈಚೀಲದಲ್ಲಿ ಒಯ್ಯಬಹುದು. 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಸರಕಿನ ಕೋಣೆಗೆ ಹೋಗುವ ಪೆಟ್ಟಿಗೆಯಲ್ಲಿ ಅದನ್ನು ಇಡುವಂತಿಲ್ಲ. 20,000ದ ಪವರ್ ಬ್ಯಾಂಕ್ 74 ವಾಟ್-ಗಂಟೆ, ಅಡ್ಡಿಯಿಲ್ಲ. 30,000ದ್ದು 111 ವಾಟ್-ಗಂಟೆ, ಮಿತಿಯನ್ನು ಮೀರುತ್ತದೆ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೆ ವಿಮಾನ ನಿಲ್ದಾಣದಲ್ಲಿ ಹೊರಡಲು ನಿಂತಿದ್ದ ಏರ್ ಬುಸಾನ್ ವಿಮಾನಕ್ಕೆ ಬೆಂಕಿ ಹತ್ತಿತು. ಪವರ್ ಬ್ಯಾಂಕ್ ಕಾರಣವಿರಬಹುದೆಂದು ಆರಂಭದ ತನಿಖೆ ಸೂಚಿಸಿತು. ಅದೇ ವರ್ಷ ಸಿಂಗಪುರ ಏರ್‌ಲೈನ್ಸ್, ಎಮಿರೇಟ್ಸ್ ಮುಂತಾದ ಸಂಸ್ಥೆಗಳು ಹಾರಾಟದ ಸಮಯದಲ್ಲಿ ಪವರ್ ಬ್ಯಾಂಕ್ ಬಳಸುವುದನ್ನೇ ನಿಷೇಧಿಸಿದವು. ಪ್ರಯಾಣಕ್ಕೆ ಮೊದಲು ನಿಮ್ಮ ವಿಮಾನ ಸಂಸ್ಥೆಯ ನಿಯಮ ನೋಡಿಕೊಳ್ಳುವುದು ಒಳ್ಳೆಯದು.

ಒಂದೇ ಕಿಂಡಿ, ಹಲವು ಕೇಬಲ್

2014ರಲ್ಲಿ ಪ್ರಕಟವಾದ ಯುಎಸ್‌ಬಿ ಟೈಪ್-ಸಿ ಮಾನಕ ನಿಜಕ್ಕೂ ಒಂದು ಉಪಕಾರ. ತಲೆಕೆಳಗಾದರೂ ಸೇರುವ, 24 ಪಿನ್‌ಗಳ ಒಂದೇ ಬಗೆಯ ಕಿಂಡಿ ಫೋನು, ಟ್ಯಾಬ್ಲೆಟ್, ಲ್ಯಾಪ್‌ಟಾಪ್ ಎಲ್ಲಕ್ಕೂ ಬಂತು. ಭಾರತೀಯ ಮಾನಕ ಬ್ಯೂರೊ ಇದನ್ನು ಭಾರತೀಯ ಮಾನಕವಾಗಿ ಅಂಗೀಕರಿಸಿದೆ. ಐರೋಪ್ಯ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನು, ಟ್ಯಾಬ್ಲೆಟ್‌ಗಳಿಗೆ ಇದು ಕಡ್ಡಾಯ.

ಆದರೆ ಕಿಂಡಿ ಒಂದಾದ ಮಾತ್ರಕ್ಕೆ ಕೇಬಲ್ ಒಂದಾಗಲಿಲ್ಲ. ನೋಡಲು ಒಂದೇ ರೀತಿ ಇರುವ ಎರಡು ಟೈಪ್-ಸಿ ಕೇಬಲ್‌ಗಳಲ್ಲಿ ಒಂದು ಸೆಕೆಂಡಿಗೆ 480 ಮೆಗಾಬಿಟ್ ಮಾತ್ರ ಸಾಗಿಸಬಹುದು, ಇನ್ನೊಂದು 10 ಗಿಗಾಬಿಟ್ ಸಾಗಿಸಬಹುದು. ಒಂದು 3 ಆಂಪಿಯರಿಗೆ ತಯಾರಾದದ್ದು, ಇನ್ನೊಂದು 5 ಆಂಪಿಯರಿಗೆ. ಹೊರಗಿನಿಂದ ನೋಡಿ ಇದನ್ನು ಗುರುತಿಸಲಾಗದು. ಪ್ರಮಾಣೀಕೃತ ಕೇಬಲ್‌ಗಳಿಗೆ 60 ವಾಟ್ ಅಥವಾ 240 ವಾಟ್ ಎಂದು ಗುರುತು ಹಾಕುವ ಪದ್ಧತಿ ಬಂದದ್ದು 2021ರಲ್ಲಿ. ಕೊಳ್ಳುವಾಗ ಈ ಗುರುತಿಗಾಗಿ ಹುಡುಕಿ.

ಕೇಬಲ್ಲಿನ ದಪ್ಪ ಯಾಕೆ ಮುಖ್ಯವೆಂದು ಒಂದು ಲೆಕ್ಕದಿಂದ ತಿಳಿಯಬಹುದು. ಒಳಗಿನ ತಾಮ್ರದ ತಂತಿಯ ವ್ಯಾಸ 0.32 ಮಿಲಿಮೀಟರ್, ಕೇಬಲ್ಲಿನ ಉದ್ದ 1 ಮೀಟರ್ ಎನ್ನಿ. ಹೋಗುವ ತಂತಿ, ಮರಳುವ ತಂತಿ ಸೇರಿ 2 ಮೀಟರ್. ಇದರ ರೋಧ ಸುಮಾರು 0.42 ಓಮ್. 5 ವೋಲ್ಟಿನಲ್ಲಿ 3 ಆಂಪಿಯರ್ ಹರಿದರೆ ದಾರಿಯಲ್ಲೇ 1.3 ವೋಲ್ಟ್ ಇಳಿಯುತ್ತದೆ. 15 ವಾಟ್‌ನಲ್ಲಿ ಸುಮಾರು 3.8 ವಾಟ್ ಕೇಬಲ್ಲನ್ನು ಬಿಸಿ ಮಾಡಲು ಹೋಗುತ್ತದೆ. ವೋಲ್ಟೇಜು ಕುಸಿದುದನ್ನು ಕಂಡ ಟ್ಯಾಬ್ಲೆಟ್ ತಾನು ಸೆಳೆಯುವ ಪ್ರವಾಹವನ್ನು ತಗ್ಗಿಸುತ್ತದೆ. ಚಾರ್ಜರ್ ಸರಿಯಿಲ್ಲವೆಂದು ನಾವು ಹೊಸ ಚಾರ್ಜರ್ ಕೊಳ್ಳುತ್ತೇವೆ! ವ್ಯಾಸ 0.5 ಮಿಲಿಮೀಟರ್ ಆದರೆ ರೋಧ 0.17 ಓಮ್‌ಗೆ ಇಳಿಯುತ್ತದೆ, ನಷ್ಟವೂ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಇನ್ನೊಂದು ಪರಿಹಾರ ವೋಲ್ಟೇಜನ್ನು ಏರಿಸುವುದು. 'ಪವರ್ ಡೆಲಿವರಿ' ಎಂಬ ಪದ್ಧತಿಯಲ್ಲಿ ಚಾರ್ಜರ್ ಮತ್ತು ಟ್ಯಾಬ್ಲೆಟ್ ಪರಸ್ಪರ ಸಂಕೇತ ಕಳುಹಿಸಿ 5, 9, 15 ಅಥವಾ 20 ವೋಲ್ಟ್ ಎಂದು ನಿರ್ಧರಿಸಿಕೊಳ್ಳುತ್ತವೆ. ಅದೇ 15 ವಾಟ್ 9 ವೋಲ್ಟಿನಲ್ಲಿ ಹೋದರೆ ಪ್ರವಾಹ 1.67 ಆಂಪಿಯರ್ ಮಾತ್ರ. ಮೊದಲಿನ ತೆಳು ಕೇಬಲ್ಲಿನಲ್ಲೇ ನಷ್ಟ 1.2 ವಾಟ್‌ಗೆ ಇಳಿಯುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು ನೂರೈವತ್ತು ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಅಧಿಕ ವೋಲ್ಟೇಜಿನಲ್ಲಿ ಒಯ್ದದ್ದು ಇದೇ ಕಾರಣಕ್ಕೆ. ನಿಮ್ಮ ಚೀಲದ ಒಂದು ಮೀಟರ್ ಕೇಬಲ್ಲಿನಲ್ಲೂ ಅದೇ ನಿಯಮ ನಡೆಯುತ್ತದೆ.

'ಶೀಘ್ರ ಚಾರ್ಜ್' ಎಂಬ ಮಾತು

65 ವಾಟ್‌ನ ಚಾರ್ಜರ್ ಎಲ್ಲವನ್ನೂ ಬೇಗ ತುಂಬುತ್ತದೆಂಬ ಭಾವನೆ ವ್ಯಾಪಕವಾಗಿದೆ. ಚಾರ್ಜರಿನ ಮೇಲಿನ ಅಂಕಿ ಅದು ಕೊಡಬಲ್ಲ ಗರಿಷ್ಠ ಸಾಮರ್ಥ್ಯ. ಎಷ್ಟು ಸೆಳೆಯಬೇಕೆಂದು ತೀರ್ಮಾನಿಸುವುದು ಟ್ಯಾಬ್ಲೆಟ್. 15 ವಾಟ್‌ಗಿಂತ ಹೆಚ್ಚು ಸ್ವೀಕರಿಸದ ಟ್ಯಾಬ್ಲೆಟಿಗೆ 65 ವಾಟ್‌ನ ಚಾರ್ಜರ್ ಅಪಾಯವೂ ಅಲ್ಲ, ಪ್ರಯೋಜನವೂ ಇಲ್ಲ. ಟ್ಯಾಬ್ಲೆಟ್, ಫೋನು, ಲ್ಯಾಪ್‌ಟಾಪ್ ಮೂರನ್ನೂ ಒಯ್ಯುವವರಿಗೆ ಮಾತ್ರ ಹಲವು ಕಿಂಡಿಗಳ ಒಂದು ದೊಡ್ಡ ಚಾರ್ಜರ್ ಲಾಭದಾಯಕ. ಆಗಲೂ 65 ವಾಟ್ ಎಲ್ಲ ಕಿಂಡಿಗಳಿಗೆ ಹಂಚಿಹೋಗುತ್ತದೆ ಎಂಬುದನ್ನು ನೆನಪಿಡಬೇಕು. ಚಾರ್ಜರಿನ ಮೇಲೆ 'ಇನ್‌ಪುಟ್ 100–240 ವೋಲ್ಟ್' ಎಂದಿದ್ದರೆ ರೈಲುಬೋಗಿಯ 110 ವೋಲ್ಟಿನಲ್ಲೂ ಮನೆಯ 230 ವೋಲ್ಟಿನಲ್ಲೂ ಅದು ಕೆಲಸ ಮಾಡುತ್ತದೆ.

ಸೇರುವುದೆಲ್ಲ ಕೆಲಸ ಮಾಡುವುದಿಲ್ಲ

ಅಧ್ಯಾಪಕರು ಹೆಚ್ಚು ನಿರಾಶರಾಗುವುದು ಪ್ರೊಜೆಕ್ಟರ್ ಅಡಾಪ್ಟರಿನಿಂದ. ಟೈಪ್-ಸಿ ಇಂದ ಎಚ್‌ಡಿಎಂಐಗೆ ಹೋಗುವ ಸಾಮಾನ್ಯ ಅಡಾಪ್ಟರ್ ಕೆಲಸ ಮಾಡಬೇಕಾದರೆ ಟ್ಯಾಬ್ಲೆಟ್ ಆ ಕಿಂಡಿಯ ಮೂಲಕ ಚಿತ್ರವನ್ನು ಹೊರಕಳುಹಿಸುವ ಸೌಲಭ್ಯ ಹೊಂದಿರಬೇಕು. ಇದಕ್ಕೆ ಡಿಸ್‌ಪ್ಲೇಪೋರ್ಟ್ ವಿಧಾನವೆಂದು ಹೆಸರು. ಕಡಿಮೆ ಬೆಲೆಯ ಎಷ್ಟೋ ಟ್ಯಾಬ್ಲೆಟ್‌ಗಳಲ್ಲಿ ಇದು ಇಲ್ಲ. ಇಲ್ಲದ ಸೌಲಭ್ಯವನ್ನು ಅಡಾಪ್ಟರ್ ಸೃಷ್ಟಿಸಲಾರದು. ಅಡಾಪ್ಟರಿನ ಪೆಟ್ಟಿಗೆ 'ಎಲ್ಲ ಟೈಪ್-ಸಿ ಸಾಧನಗಳಿಗೆ' ಎಂದು ಘೋಷಿಸಿದರೂ ನೋಡಬೇಕಾದದ್ದು ಟ್ಯಾಬ್ಲೆಟ್ಟಿನ ವಿವರ ಪಟ್ಟಿಯನ್ನು.

ದೊಡ್ಡ ಕಂಪನಿಗಳೂ ಇದಕ್ಕೆ ಹೊರತಲ್ಲ. 2022ರಲ್ಲಿ ಬಂದ ಹತ್ತನೆಯ ತಲೆಮಾರಿನ ಐಪ್ಯಾಡಿಗೆ ಟೈಪ್-ಸಿ ಕಿಂಡಿ ಇತ್ತು. ಆದರೆ ಆಗ ಅದಕ್ಕೆ ಹೊಂದುತ್ತಿದ್ದ ಆಪಲ್ ಲೇಖನಿ 2015ರ ಮೊದಲ ತಲೆಮಾರಿನದು, ಅದರ ತುದಿ ಲೈಟ್ನಿಂಗ್ ಎಂಬ ಬೇರೆ ಬಗೆಯದು. ಎರಡನ್ನೂ ಕೂಡಿಸಲು ಮತ್ತೊಂದು ಅಡಾಪ್ಟರ್, ಅದಕ್ಕೊಂದು ಕೇಬಲ್ ಬೇಕಾಯಿತು. ಟೈಪ್-ಸಿ ಲೇಖನಿ ಬಂದದ್ದು 2023ರಲ್ಲಿ, ಅದೂ ಒತ್ತಡವನ್ನು ಗ್ರಹಿಸುವ ಗುಣವಿಲ್ಲದೆ. ಪರಿಕರಕ್ಕೊಂದು ಪರಿಕರ ಬೇಕಾಗುವುದು ವಿನ್ಯಾಸದ ಲೋಪವೇ ಹೊರತು ಬಳಕೆದಾರರ ಅಜ್ಞಾನವಲ್ಲ.

ಕೀಲಿಮಣೆಯ ಬಗ್ಗೆ ಕನ್ನಡಿಗರಿಗೆ ಒಂದು ಮಾತು. ಪರದೆಯ ಮೇಲಿನ ಕೀಲಿಮಣೆಯಲ್ಲಿ ಕನ್ನಡ ಮೂಡಿದರೆ ಬ್ಲೂಟೂತ್ ಕೀಲಿಮಣೆಯಲ್ಲೂ ಮೂಡುತ್ತದೆಂಬ ಖಾತರಿಯಿಲ್ಲ. ಅಂಗಡಿಯಲ್ಲೇ ಒಂದೆರಡು ಒತ್ತಕ್ಷರಗಳನ್ನು ಟೈಪ್ ಮಾಡಿ ನೋಡಿ, ಆಮೇಲೆ ಹಣ ಕೊಡಿ.

ಚೀಲ ಜೋಡಿಸುವ ಕ್ರಮ

ಕೊಳ್ಳುವುದಕ್ಕೆ ಮೊದಲು ಒಂದು ಸರಳ ಲೆಕ್ಕ ಮಾಡಿ. 28.6 ವಾಟ್-ಗಂಟೆಯ ಬ್ಯಾಟರಿ ಹತ್ತು ಗಂಟೆ ಬಂದರೆ ಟ್ಯಾಬ್ಲೆಟ್ ಸರಾಸರಿ ಬಳಸುವುದು ಸುಮಾರು 2.9 ವಾಟ್. ದಿನಕ್ಕೆ ಆರು ಗಂಟೆಯ ಬಳಕೆಗೆ ಸುಮಾರು 17 ವಾಟ್-ಗಂಟೆ ಸಾಕು. ಅಂದರೆ ಒಂದು ದಿನದ ಕೆಲಸಕ್ಕೆ ಪವರ್ ಬ್ಯಾಂಕ್ ಬೇಕೇ ಇಲ್ಲ! ಮೂರು ದಿನ ಎಲ್ಲೂ ವಿದ್ಯುತ್ ಸಿಗದೆಂದರೂ ಬೇಕಾಗುವುದು 51 ವಾಟ್-ಗಂಟೆ. ಹೊರಡುವಾಗ ಬ್ಯಾಟರಿ ತುಂಬಿದ್ದರೆ ಉಳಿದ 23 ವಾಟ್-ಗಂಟೆಯನ್ನು 10,000ದ ಪವರ್ ಬ್ಯಾಂಕ್ ಒದಗಿಸುತ್ತದೆ. 20,000ದ್ದನ್ನು ಒಯ್ಯುವುದು ವ್ಯರ್ಥ ಭಾರ. ಫೋನನ್ನೂ ಅದರಿಂದಲೇ ತುಂಬುವುದಾದರೆ ಅದರ ವಾಟ್-ಗಂಟೆಯನ್ನೂ ಕೂಡಿಸಿಕೊಳ್ಳಿ.

ಉಳಿದಂತೆ ಈ ಕೆಲವು ಅಂಶಗಳು ಸಾಕು:

1. ಶಕ್ತಿಗೆ ಸಂಬಂಧಿಸಿದವು (ಚಾರ್ಜರ್, ಪವರ್ ಬ್ಯಾಂಕ್, ಕೇಬಲ್) ಒಂದು ಖಾನೆಯಲ್ಲಿ, ಚಿತ್ರ ಮತ್ತು ದತ್ತಾಂಶಕ್ಕೆ ಸಂಬಂಧಿಸಿದವು (ಅಡಾಪ್ಟರ್, ಪೆನ್ ಡ್ರೈವ್) ಇನ್ನೊಂದರಲ್ಲಿ ಇರಲಿ. ಕೀಲಿಗೊಂಚಲು, ನಾಣ್ಯಗಳು ಪವರ್ ಬ್ಯಾಂಕಿನ ಜತೆಗಿರಬಾರದು.

2. ಪ್ರತಿ ಕೇಬಲ್ಲಿಗೂ ಚೀಟಿ ಅಂಟಿಸಿ ಅದರ ವಾಟ್ ಮತ್ತು ವೇಗವನ್ನು ಬರೆಯಿರಿ. ಯಾವುದೆಂದು ಗೊತ್ತಾಗದ ಕೇಬಲ್ ಮನೆಯಲ್ಲೇ ಇರಲಿ.

3. ಪವರ್ ಬ್ಯಾಂಕ್ ಮತ್ತು ಚಾರ್ಜರಿನ ಮೇಲೆ ಮಾನಕ ಬ್ಯೂರೊದ 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಬ್ಯೂರೊದ ಬಿಐಎಸ್ ಕೇರ್ ತಂತ್ರಾಂಶದಲ್ಲಿ ಅದು ನಿಜವೇ ಎಂದು ಪರೀಕ್ಷಿಸಬಹುದು.

4. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಲಿಥಿಯಂ ಬ್ಯಾಟರಿ ಬಿಡಬೇಡಿ. ಉಬ್ಬಿದ ಪವರ್ ಬ್ಯಾಂಕನ್ನು ಮತ್ತೆ ಚಾರ್ಜ್ ಮಾಡದೆ, ಕಸದ ಬುಟ್ಟಿಗೂ ಹಾಕದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ತರಗತಿಯಲ್ಲಿ ಒಂದು ಪರೀಕ್ಷೆ

ವೋಲ್ಟ್, ಆಂಪಿಯರ್ ಮತ್ತು ವಾಟ್-ಗಂಟೆಯನ್ನು ತೋರಿಸುವ ಪುಟ್ಟ ಯುಎಸ್‌ಬಿ ಮಾಪಕ ಅಗ್ಗವಾಗಿ ಸಿಗುತ್ತದೆ. ಅದನ್ನು ಪವರ್ ಬ್ಯಾಂಕಿಗೂ ಟ್ಯಾಬ್ಲೆಟಿಗೂ ನಡುವೆ ಜೋಡಿಸಿ, ತುಂಬಿದ ಪವರ್ ಬ್ಯಾಂಕ್ ಖಾಲಿಯಾಗುವವರೆಗೆ ಎಷ್ಟು ವಾಟ್-ಗಂಟೆ ಹೊರಬಂತೆಂದು ವಿದ್ಯಾರ್ಥಿಗಳಿಂದ ದಾಖಲಿಸಿ. ಪೆಟ್ಟಿಗೆಯ ಅಂಕಿಯಿಂದ ಲೆಕ್ಕ ಹಾಕಿದ ಶಕ್ತಿಯೊಡನೆ ಹೋಲಿಸಿದರೆ ದಕ್ಷತೆ ಸಿಗುತ್ತದೆ. ಅನಂತರ ಮಾಪಕವನ್ನು ಕೇಬಲ್ಲಿನ ಟ್ಯಾಬ್ಲೆಟ್ ಬದಿಯ ತುದಿಗೆ ಸರಿಸಿ, ಕೇಬಲ್ ಬದಲಿಸುತ್ತ ಹೋಗಿ. ಓಮನ ನಿಯಮ, ಜೌಲನ ನಿಯಮ ಎರಡೂ ಅವರ ಕೈಯಲ್ಲಿರುವ ವಸ್ತುವಿನಲ್ಲೇ ಕಾಣುತ್ತವೆ.

ತಯಾರಕರು ಪವರ್ ಬ್ಯಾಂಕಿನ ಮುಂಬದಿಯಲ್ಲಿ ಹೊರದೊರೆಯುವ ವಾಟ್-ಗಂಟೆಯನ್ನೂ, ಕೇಬಲ್ಲಿನ ಮೇಲೆ ವಾಟ್ ಮತ್ತು ವೇಗವನ್ನೂ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಬೇಕು. ಇದು ಅವರಿಗೆ ಖರ್ಚಿನ ಕೆಲಸವೇನಲ್ಲ. ಉತ್ತರ ಪತ್ರಿಕೆಯಲ್ಲಿ ಏಕಮಾನ ತಪ್ಪಿದರೆ ಅಂಕ ಕಳೆಯುವವರು ನಾವು. ಅಂಗಡಿಯಲ್ಲಿ ನಿಂತಾಗಲೂ ಅಷ್ಟೇ ನಿಷ್ಠುರರಾಗಿ 'ಇದು ಎಷ್ಟು ವಾಟ್-ಗಂಟೆ?' ಎಂದು ಕೇಳೋಣ. ಕೇಳುವವರು ಹೆಚ್ಚಿದರೆ ಹಿಂಬದಿಯ ಸಣ್ಣ ಅಕ್ಷರ ಮುಂಬದಿಗೆ ಬಂದೀತು.