‘ಕೆರೆಗೆ ಹಾರ’: ಲೋಕಹಿತದ ತೆರಿಗೆಯನ್ನು ತೆತ್ತವರಾರು?

ಕನ್ನಡ ಜನಪದ ಕಥನಗೀತೆಗಳಲ್ಲಿ ‘ಕೆರೆಗೆ ಹಾರ’ದಷ್ಟು ಚರ್ಚೆಗೆ ಒಳಗಾದವು ವಿರಳ. ಇದನ್ನು ತ್ಯಾಗದ ಕಥೆಯೆಂದು ಕೊಂಡಾಡಿದವರುಂಟು. ಹೆಣ್ಣಿನ ಬಲಿಯೆಂದು ಖಂಡಿಸಿದವರೂ ಉಂಟು. ಊರಿಗೆಲ್ಲ ಬೇಕಾದ ಸಂಪತ್ತಿನ ವೆಚ್ಚವನ್ನು ಯಾರ ಮೇಲೆ ಹೊರಿಸುವುದು ನ್ಯಾಯ ಎಂಬ ಪ್ರಶ್ನೆಯೂ ಈ ಗೀತೆಯಲ್ಲಿದೆ. ತೆರಿಗೆಯ ನೈತಿಕತೆಯ ಮೂಲಪ್ರಶ್ನೆಯೂ ಅದೇ.

ಕಲ್ಲನಕೇರಿ ಮಲ್ಲನಗೌಡ ಕಟ್ಟಿಸಿದ ಕೆರೆಯಲ್ಲಿ ನೀರು ಬೀಳುವುದಿಲ್ಲ. ಹೊತ್ತಿಗೆ ತೆಗೆಸಿದಾಗ ಹಿರಿಯ ಸೊಸೆಯನ್ನು ಹಾರ ಕೊಡಬೇಕೆಂದು ತಿಳಿದುಬರುತ್ತದೆ. ಆಕೆಯನ್ನು ಕೊಟ್ಟರೆ ಮನೆಯ ಹಿರೇತನಕ್ಕೆ ಯಾರು ಎಂಬ ಮಾತು ಹುಟ್ಟಿ, ಆಯ್ಕೆ ಕಿರಿಯ ಸೊಸೆ ಭಾಗೀರಥಿಯತ್ತ ಸರಿಯುತ್ತದೆ. ಗೀತೆಯ ತಿರುಳಿರುವುದು ಈ ಪಲ್ಲಟದಲ್ಲಿ. ಕೆರೆ ಬೇಕೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಹೊರೆಯು ಮನೆಯಲ್ಲಿ ಸ್ಥಾನವಿದ್ದವಳಿಂದ ಸ್ಥಾನವಿಲ್ಲದವಳಿಗೆ ಇಳಿಯುತ್ತದೆ.

ಭಾಗೀರಥಿ ತವರಿಗೆ ಹೋಗಿ, ಅತ್ತೆಮಾವಂದಿರು ತನ್ನನ್ನು ಬೇರೆ ಇಡುತ್ತಾರೆಂದು ನೆಪ ಹೇಳುತ್ತಾಳೆ. ತಂದೆ ಹೊಲಮನೆಯನ್ನು, ತಾಯಿ ಒಡವೆಯನ್ನು ಕೊಡಮಾಡುತ್ತಾರೆ. ಅವಳ ನಷ್ಟವನ್ನು ಇವಾವುವೂ ತುಂಬಲಾರವು. ನಿಜವನ್ನು ಅವಳು ಹೇಳುವುದು ಗೆಳತಿಯೊಬ್ಬಳಿಗೆ ಮಾತ್ರ. ಗೌಡನ ಮನೆಯವರು ಅವಳ ಒಪ್ಪಿಗೆಯನ್ನು ಕೇಳುವುದೇ ಇಲ್ಲ. ಮರೆತುಬಂದ ಬಂಗಾರದ ಬಟ್ಟಲಿನ ನೆಪದಲ್ಲಿ ಅವಳನ್ನು ಕೆರೆಗೆ ಕಳುಹಿಸುತ್ತಾರೆ. ಇದು ಮನಸಾರೆ ಕೊಟ್ಟ ದಾನವಾಗಿದ್ದರೆ ನೆಪವೇಕೆ ಬೇಕಿತ್ತು? ಆದ್ದರಿಂದ ಅವಳ ಮೌನವನ್ನು ತ್ಯಾಗವೆಂದು ಕರೆಯುವ ವಿಮರ್ಶೆಯು ಅರಿಯದೆಯೇ ಪಡೆದವರ ಪಕ್ಷವನ್ನು ವಹಿಸುತ್ತದೆ.

ಕೆರೆಯ ಹೊರೆಯನ್ನು ಹಂಚಿಕೊಳ್ಳುವ ಬೇರೆ ದಾರಿಗಳನ್ನೂ ಈ ನಾಡು ಬಲ್ಲದು. ಶಾಸನಗಳಲ್ಲಿ ಬರುವ ‘ಬಿತ್ತುವಟ್ಟ’ವು ಕೆರೆಯ ರಕ್ಷಣೆಗಾಗಿ ಬಿಟ್ಟ ದತ್ತಿ; ‘ಕಟ್ಟುಕೊಡಗೆ’ಯು ಕೆರೆ ಕಟ್ಟಿದವರಿಗೆ, ಕಾಯ್ದವರಿಗೆ ಕೊಟ್ಟ ಭೂಮಿ. ಕೊಟ್ಟವರ ಹೆಸರು ಅಲ್ಲಿ ಕಲ್ಲಿನ ಮೇಲೆ ನಿಂತಿದೆ. ಅದೇ ಶಾಸನಗಳಲ್ಲಿ ‘ಬಿಟ್ಟಿ’ಯೂ ಇದೆ. ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ಈ ಪದದ ಅರ್ಥ ಕೂಲಿಯಿಲ್ಲದೆ ಮಾಡಿಸಿಕೊಂಡ ದುಡಿಮೆ, ಅಂದರೆ ಮೈಯಿಂದ ವಸೂಲಾದ ತೆರಿಗೆ.

ಈ ಪದದ ಇಂದಿನ ಗತಿ ಗಮನಾರ್ಹವಾದುದು. 2013ರ ಅನ್ನಭಾಗ್ಯ, 2023ರ ಗ್ಯಾರಂಟಿ ಯೋಜನೆಗಳ ಕುರಿತ ವಾಗ್ವಾದದಲ್ಲಿ ‘ಬಿಟ್ಟಿ’ ಎಂಬುದು ಪಡೆಯುವ ಬಡವರನ್ನು ಹಳಿಯುವ ಮಾತಾಯಿತು. ಬಿಟ್ಟಿ ದುಡಿದವರ ಪದವೇ ಬಿಟ್ಟಿ ಉಂಡವರ ಪದವಾಗಿ ತಿರುಗಿತು. ಯೋಜನೆಗಳ ಸಾಧಕಬಾಧಕಗಳನ್ನು ಚರ್ಚಿಸಲೇಬೇಕು; ಆದರೆ ಹಿಂದೆ ತೆತ್ತವರಾರು ಎಂಬುದನ್ನು ಮರೆತ ಲೆಕ್ಕ ಅರೆಲೆಕ್ಕವಷ್ಟೆ.

‘ಕೆರೆಗೆ ಹಾರ’ ಕೆರೆಯನ್ನು ನಿರಾಕರಿಸುವುದಿಲ್ಲ. ನೀರು ಬರುತ್ತದೆ, ಕೆರೆ ತುಂಬುತ್ತದೆ. ಆದರೆ ದಂಡಿನಿಂದ ಮರಳಿದ ಗಂಡ ಮಾದೇವರಾಯ ಅದೇ ನೀರಿಗೆ ಹಾರುವುದರೊಂದಿಗೆ, ಉಳಿಸಿಕೊಂಡೆವೆಂದು ಬಗೆದ ಮನೆಯೂ ನಷ್ಟಕ್ಕೆ ಒಳಗಾಗುತ್ತದೆ. ಲೋಕಹಿತವು ದೊಡ್ಡದೆಂಬ ಕಾರಣಕ್ಕೆ ಹೊರೆಯ ಹಂಚಿಕೆ ನ್ಯಾಯವಾಗದು ಎಂಬ ವಿವೇಕವನ್ನು ಹಾಡಿದ ಹೆಣ್ಣುಮಕ್ಕಳು ಕಥೆಯ ಈ ಕೊನೆಯಲ್ಲಿ ಇರಿಸಿದ್ದಾರೆ.