ಹೂಳು ಯಾರದು?

‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯನ್ನು ಶಾಲೆಯಲ್ಲಿ ಓದಿ ಕಣ್ಣೊರೆಸಿಕೊಂಡವರು ನಾವು. ಕೆರೆ ಕಟ್ಟಿಸಿದ ಮಲ್ಲನಗೌಡನ ಹೆಸರು ಅದರಲ್ಲಿದೆ. ನೀರಿಗಾಗಿ ಬಲಿಯಾದ ಸೊಸೆ ಭಾಗೀರಥಿಯ ಹೆಸರೂ ಇದೆ. ಮಣ್ಣು ಅಗೆದವರ, ಹೊತ್ತವರ ಹೆಸರು? ಹುಡುಕಿದರೂ ಸಿಗೋದಿಲ್ಲ.

ವಿದ್ವಾಂಸರು ಈ ಕೆರೆ ಸಂಸ್ಕೃತಿಯನ್ನು ಊರೊಟ್ಟಿನ ಪರಂಪರೆ ಎಂದು ಕೊಂಡಾಡುತ್ತಾರೆ. ಒಪ್ಪೋಣ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಹೂಳೆತ್ತಿ ಹೊಲಕ್ಕೆ ಹೊಡೆಯುವುದು ಹಳೆಯ ಪದ್ಧತಿ. ಗೋಡುಮಣ್ಣು ಬಿದ್ದ ಸವಕಲು ಕೆಂಪು ಜಮೀನು ತೇವ ಹಿಡಿಯುತ್ತೆ, ಸಾರ ಪಡೆಯುತ್ತೆ, ಕೆರೆಯೂ ಆಳವಾಗುತ್ತೆ.

ಆದರೆ ಹೂಳು ಆಕಾಶದಿಂದ ಬೀಳೋದಿಲ್ಲ. ಮೇಲಿನ ದಿನ್ನೆಯ, ಗೋಮಾಳದ ಮೇಲ್ಮಣ್ಣೇ ಮಳೆಗೆ ಕೊಚ್ಚಿ ಕೆರೆ ಸೇರುತ್ತೆ. ಎಷ್ಟೋ ಊರುಗಳಲ್ಲಿ ಆ ದಿನ್ನೆಯ ತುಂಡು ಹೊಲ ನಮ್ಮದು, ಕೆರೆ ಕೆಳಗಿನ ಗದ್ದೆ ಗೌಡರದು. ನಮ್ಮ ಮಣ್ಣನ್ನು ನಾವೇ ಹೊತ್ತು ಅವರ ಗದ್ದೆಗೆ ಸುರಿದದ್ದಕ್ಕೆ ಪರಂಪರೆ ಅಂತ ಹೆಸರು!

ಕೋಲಾರ ಸೀಮೆಯಲ್ಲಿ ತೂಬು ಎತ್ತಿ, ಗದ್ದೆಗದ್ದೆಗೂ ಲೆಕ್ಕವಾಗಿ ನೀರು ಬಿಟ್ಟ ನೀರುಗಂಟಿ ಬಹುಮಟ್ಟಿಗೆ ದಲಿತನೇ. ಊರಿಗೆ ನೀರು ಹಂಚಿದ ಜಾತಿಗೆ ನೀರು ಮುಟ್ಟುವ ಹಕ್ಕಿರಲಿಲ್ಲ. ಆ ಹಕ್ಕಿಗಾಗಿಯೇ 1927ರಲ್ಲಿ ಅಂಬೇಡ್ಕರ್ ಮಹಾರಾಷ್ಟ್ರದ ಮಹಾಡಿನಲ್ಲಿ ಚೌದಾರ್ ಕೆರೆಗೆ ಇಳಿಯಬೇಕಾಯಿತು.

ಪರಂಪರೆಯೇ ಬೇಡ ಅನ್ನೋದು ನಮ್ಮ ವಾದವಲ್ಲ. ಹೂಳೆತ್ತೋಣ. ಆದರೆ ಮೊದಲ ಗಾಡಿ ದಿನ್ನೆಯ ಹೊಲಕ್ಕೆ ಹೋಗಲಿ. ಹೊತ್ತವರ ಕೈಗೆ ಕೂಲಿ ಬರಲಿ. ಕೆರೆ ಪಂಚಾಯ್ತಿ ನಡೆಯುವ ಕಟ್ಟೆಯ ಮೇಲೆ ನಮ್ಮ ಹೆಣ್ಣುಮಕ್ಕಳೂ ಕೂರಲಿ. ಅವತ್ತು ಕೆರೆಯ ಹಾಡನ್ನು ನಾವೂ ಹಾಡ್ತೀವಿ, ಮಣ್ಣು ಹೊತ್ತವರ ಹೆಸರು ಸೇರಿಸಿ.